ಮಂಕಾದ ಹಜಾರಕ್ಕೆ ಮನೆಯಲ್ಲೇ ಪರದೆ ಹೊಲಿಯುವುದು: ಯಾವ ಬಣ್ಣ, ಎಷ್ಟು ಮೀಟರ್ ಬಟ್ಟೆ?

ಕಿಟಕಿಮನೆ (ಪ್ರಶ್ನೆ):

ನಮಸ್ಕಾರ. ನಮ್ಮ ಹಜಾರಕ್ಕೆ ಇರುವುದು ಒಂದೇ ಕಿಟಕಿ, ಅದೂ ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಮೂರು ಗಂಟೆಯವರೆಗೆ ಕೋಣೆಯಲ್ಲಿ ಮಂಕು ಕವಿದಿರುತ್ತದೆ, ಆಮೇಲೆ ಒಮ್ಮೆಗೇ ಕಣ್ಣು ಕುಕ್ಕುವ ಬಿಸಿಲು ಬೀಳುತ್ತದೆ. ಈಗ ತೂಗುತ್ತಿರುವುದು ಈ ಮನೆಯಲ್ಲಿ ಹಿಂದೆ ಇದ್ದವರು ಬಿಟ್ಟುಹೋದ ದಪ್ಪನೆಯ ಕಡುಗೆಂಪು ಪರದೆ. ಅದನ್ನು ತೆಗೆದು, ನಾನೇ ಹೊಲಿದ ಪರದೆ ಹಾಕಬೇಕೆಂದು ಮನಸ್ಸು ಮಾಡಿದ್ದೇನೆ.

ಅಳತೆ ಹೀಗಿದೆ: ಚೌಕಟ್ಟೂ ಸೇರಿ ಕಿಟಕಿಯ ಅಗಲ 150 ಸೆಂ.ಮೀ., ಎತ್ತರ 120 ಸೆಂ.ಮೀ., ಚೌಕಟ್ಟಿನ ಮೇಲಂಚು ನೆಲದಿಂದ 210 ಸೆಂ.ಮೀ. ಮೇಲಿದೆ. ಈಗಿನ ಕಂಬಿ 160 ಸೆಂ.ಮೀ. ಉದ್ದವಿದ್ದು, ಚೌಕಟ್ಟಿಗೆ ತಾಗಿಕೊಂಡಂತೆಯೇ ಇದೆ. ಹೊಲಿಗೆಯಲ್ಲಿ ನನ್ನ ಅನುಭವ ದಿಂಬಿನ ಚೀಲ ಹೊಲಿದದ್ದು, ಪ್ಯಾಂಟಿನ ಕಾಲು ಗಿಡ್ಡ ಮಾಡಿದ್ದು, ಅಷ್ಟೇ. ಮೆಷಿನ್ ಹಳೆಯದು, ನೇರ ಹೊಲಿಗೆಯೊಂದನ್ನೇ ಹಾಕುತ್ತದೆ. ಕೋಣೆ ಬೆಳಗಲಿ ಎಂದು ಅಚ್ಚ ಹಳದಿ ಬಣ್ಣದ ಹತ್ತಿ ಬಟ್ಟೆಯನ್ನು ನೋಡಿಟ್ಟಿದ್ದೇನೆ. ಈ ಆಯ್ಕೆ ಸರಿಯೇ, ಮತ್ತು 140 ಸೆಂ.ಮೀ. ಪನ್ನದ (ಅಗಲದ) ಬಟ್ಟೆಯಾದರೆ ಎಷ್ಟು ಮೀಟರ್ ಕೊಳ್ಳಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಬಿಸಿಲುಕೋಲು:

ಬಣ್ಣದ ಮಾತನ್ನು ಆಮೇಲೆ ಆಡೋಣ, ಏಕೆಂದರೆ ನಿಮ್ಮ ಹಜಾರ ಮಂಕಾಗಿರುವುದಕ್ಕೆ ಮುಖ್ಯ ಕಾರಣ ಬಟ್ಟೆಯ ಬಣ್ಣಕ್ಕಿಂತ ಆ ಕಂಬಿಯೇ ಎಂದು ನನಗೆ ಅನ್ನಿಸುತ್ತದೆ. ದಪ್ಪ ಬಟ್ಟೆಯ ಪರದೆಯನ್ನು ಪೂರ್ತಿ ಸರಿಸಿದಾಗ ಒಂದೊಂದು ಬದಿಯಲ್ಲೂ ಅದು ಇಪ್ಪತ್ತು, ಇಪ್ಪತ್ತೈದು ಸೆಂ.ಮೀ. ಜಾಗದಲ್ಲಿ ಮುದುಡಿ ನಿಲ್ಲುತ್ತದೆ. ನಿಮ್ಮ ಕಂಬಿ ಚೌಕಟ್ಟಿಗಿಂತ ಎರಡೂ ಬದಿಗೆ ಬರೀ ಐದೈದು ಸೆಂ.ಮೀ. ಹೊರಗಿರುವುದರಿಂದ, ಉಳಿದ ಮುದುಡೆಲ್ಲ ಕಿಟಕಿಯ ಮೇಲೆಯೇ ಕೂರುತ್ತದೆ. ಲೆಕ್ಕ ಹಾಕಿ ನೋಡಿದರೆ, ಪರದೆ ತೆರೆದಿದೆ ಎಂದು ನೀವು ಅಂದುಕೊಂಡಿರುವ ಹೊತ್ತಿನಲ್ಲಿಯೂ ಕಿಟಕಿಯ ಸುಮಾರು ಕಾಲು ಭಾಗ ಮುಚ್ಚಿಯೇ ಇರುತ್ತದೆ.

ಆದ್ದರಿಂದ ಮೊದಲು 200 ಸೆಂ.ಮೀ. ಉದ್ದದ ಕಂಬಿಯನ್ನು ಹಾಕಿಸಿ, ಎರಡೂ ಬದಿಗೆ 25 ಸೆಂ.ಮೀ. ಗೋಡೆಯ ಮೇಲೆ ಚಾಚಿಕೊಳ್ಳಲಿ. ಎತ್ತರವನ್ನೂ ಹದಿನೈದು ಸೆಂ.ಮೀ. ಏರಿಸಿ 225ಕ್ಕೆ ತನ್ನಿ. ಆಗ ಪರದೆ ಸರಿಸಿದರೆ ಅದು ಗೋಡೆಯ ಮುಂದೆ ನಿಲ್ಲುತ್ತದೆ, ಕಿಟಕಿ ಪೂರ್ತಿ ಬಿಡುವಾಗುತ್ತದೆ, ನೋಡುವವರಿಗೆ ಕಿಟಕಿಯೇ ದೊಡ್ಡದೆಂಬ ಭಾವನೆಯೂ ಬರುತ್ತದೆ. ಅಷ್ಟುದ್ದದ ಕಂಬಿ ಭಾರಕ್ಕೆ ಬಾಗದಂತೆ ನಡುವೆಯೂ ಒಂದು ಆಧಾರ ಕೊಡಿಸಿ. ಎರಡು ಪರದೆಗಳು ಸೇರುವ ಜಾಗ ಅದೇ ಆದ್ದರಿಂದ ಸರಿಸುವುದಕ್ಕೆ ಅದು ಅಡ್ಡಿಯಾಗುವುದಿಲ್ಲ.

ಇನ್ನು ಹಳದಿ. ನಾನೂ ಒಮ್ಮೆ ಅದೇ ಆಸೆಯಿಂದ ನಿಂಬೆ ಹಳದಿಯ ತೆಳು ಬಟ್ಟೆ ತಂದು ಹೊಲಿದು ತೂಗುಹಾಕಿದೆ. ಬೆಳಗಿನ ಹೊತ್ತು ಚೆನ್ನಾಗಿಯೇ ಕಾಣುತ್ತಿತ್ತು. ಸಂಜೆಯ ಬಿಸಿಲು ನೇರವಾಗಿ ಅದರ ಮೂಲಕ ಹಾದು ಬಂದಾಗ ಗೋಡೆ, ಸೋಫಾ, ಕುಳಿತವರ ಮುಖ ಎಲ್ಲವೂ ಹಳದಿಯಾದವು, ಮನೆಮಂದಿಗೆಲ್ಲ ಕಾಮಾಲೆ ಹಿಡಿದಂತೆ ಕಾಣುತ್ತಿತ್ತು. ಬಿಸಿಲು ಬಟ್ಟೆಯ ಮೂಲಕ ಬರುವಾಗ ಬಟ್ಟೆಯ ಬಣ್ಣವನ್ನು ಕೋಣೆಗೆಲ್ಲ ಬಳಿಯುತ್ತದೆ ಎಂಬುದನ್ನು ನಾನು ಆಗ ಯೋಚಿಸಿರಲಿಲ್ಲ. ಪಶ್ಚಿಮದ ಕಿಟಕಿಗೆ ಕೆನೆಬಣ್ಣ, ಮಾಸಲು ಬಿಳಿ ಅಥವಾ ತೀರ ತಿಳಿಯಾದ ಎಲೆಹಸಿರು ಒಳ್ಳೆಯದು. ನಿಮಗೆ ಹಳದಿ ಇಷ್ಟವಾಗಿದ್ದರೆ ಅದನ್ನು ಕೆಳಗಡೆ ಒಂದು ಮೊಳ ಅಗಲದ ಪಟ್ಟಿಯಾಗಿ ಸೇರಿಸಬಹುದು, ಬೆಳಕು ನೇರವಾಗಿ ಹಾಯುವ ಎತ್ತರದಲ್ಲಿ ಬೇಡ. ಏನೇ ಆಗಲಿ, ಅರ್ಧ ಮೀಟರ್ ಮಾತ್ರ ಮೊದಲು ತಂದು, ಕಿಟಕಿಗೆ ಎರಡು ದಿನ ಸಿಕ್ಕಿಸಿಟ್ಟು, ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಮತ್ತು ರಾತ್ರಿ ದೀಪದ ಬೆಳಕಿನಲ್ಲಿ ನೋಡಿ ನಿರ್ಧರಿಸಿ.

ಹಳೇಮೆಷಿನ್:

ಮೇಲಿನವರು ಹೇಳಿದ 200 ಸೆಂ.ಮೀ. ಕಂಬಿಯನ್ನೇ ಇಟ್ಟುಕೊಂಡು ಬಟ್ಟೆಯ ಲೆಕ್ಕ ಹೇಳುತ್ತೇನೆ. ಪರದೆ ಮುಚ್ಚಿದಾಗಲೂ ನೆರಿಗೆ ಉಳಿಯಬೇಕಾದರೆ, ಸಾಧಾರಣ ಹತ್ತಿ ಬಟ್ಟೆಯ ಒಟ್ಟು ಅಗಲ ಕಂಬಿಯ ಉದ್ದದ ಎರಡರಷ್ಟಿರಬೇಕು. ಜಾಲರಿಯಂಥ ತೆಳು ಬಟ್ಟೆಯಾದರೆ ಎರಡೂವರೆಯಷ್ಟು ಬೇಕು, ಒಂದೂವರೆಗಿಂತ ಕಡಿಮೆಯಾದರೆ ಒಣಗಲು ಹಾಕಿದ ಹೊದಿಕೆಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ನಿಮಗೆ ಒಟ್ಟು 400 ಸೆಂ.ಮೀ., ಅಂದರೆ ಒಂದೊಂದು ಪರದೆ 200ರ ಆಸುಪಾಸು. ಪನ್ನ 140 ಇರುವುದರಿಂದ ಒಂದು ಪರದೆಗೆ ಒಂದೂವರೆ ಪನ್ನ ಬೇಕು. ಹಾಗಾಗಿ ಮೂರು ತುಂಡು ಕತ್ತರಿಸಿ, ಅವುಗಳಲ್ಲಿ ಒಂದನ್ನು ಉದ್ದಕ್ಕೆ ಸರಿಯಾಗಿ ಇಬ್ಭಾಗ ಮಾಡಿ, ಆಚೆಗೊಂದು ಈಚೆಗೊಂದು ಸೇರಿಸುವುದು. ಆ ಅರ್ಧ ಪನ್ನ ಯಾವಾಗಲೂ ಗೋಡೆಯ ಕಡೆಗಿರಲಿ, ಎರಡು ಪರದೆಗಳು ಕೂಡುವ ನಡುಭಾಗಕ್ಕೆ ಬರಬಾರದು.

ಉದ್ದದ ಲೆಕ್ಕ: ಕಂಬಿಯ ಮೇಲಂಚು 225ರಲ್ಲಿದೆ ಎಂದುಕೊಳ್ಳೋಣ. ಕಂಬಿ ತೂರುವ ಬಳೆಗಳನ್ನು, ಅಂದರೆ ಐಲೆಟ್‌ಗಳನ್ನು ಕೂರಿಸುವ ಪರದೆಯ ತಲೆ ಕಂಬಿಗಿಂತ ಎರಡೂವರೆ ಸೆಂ.ಮೀ. ಮೇಲೇಳುತ್ತದೆ, ಕೆಳಗೆ ನೆಲದಿಂದ ಒಂದೂವರೆ ಸೆಂ.ಮೀ. ಬಿಡಬೇಕು. ಹೊಲಿದು ಮುಗಿದ ಪರದೆಯ ಉದ್ದ 226. ಕೆಳಗಡೆ ಹತ್ತು ಸೆಂ.ಮೀ. ಮಡಿಕೆಯನ್ನು ಎರಡು ಸುತ್ತು ಮಡಿಚಲು ಇಪ್ಪತ್ತು, ಮೇಲ್ಗಡೆಗೂ ಅಷ್ಟೇ ಇಪ್ಪತ್ತು, ಒಟ್ಟು ಕತ್ತರಿಸಬೇಕಾದದ್ದು 266. ಮೂರು ತುಂಡಿಗೆ 798, ಎಂಟು ಮೀಟರ್ ಎನ್ನಿ. ಆದರೆ ಎಂಟೇ ಮೀಟರ್ ತಂದರೆ ಕೆಟ್ಟಿರಿ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಎಂಟೂವರೆ ಮೀಟರ್ ತಂದು, ಕತ್ತರಿ ಹಾಕುವ ಮೊದಲೇ ಇಡೀ ಬಟ್ಟೆಯನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು, ಇನ್ನೂ ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಮಾಡಿ. ನಾನು ಮೊದಲ ಸಲ ಒಗೆಯದೆ ಹೊಲಿದ ಪರದೆ, ನಾಲ್ಕು ತಿಂಗಳ ಮೇಲೆ ಒಗೆದು ತೂಗುಹಾಕಿದಾಗ, ನೆಲದಿಂದ ಒಂದು ಗೇಣು ಮೇಲಕ್ಕೆ ಹೋಗಿ ನೆರೆ ಬಂದಾಗ ಸೀರೆ ಎತ್ತಿ ಹಿಡಿದವರಂತೆ ನಿಂತಿತ್ತು.

ದೊಡ್ಡ ಚಿತ್ತಾರದ ಬಟ್ಟೆಯಾದರೆ ಲೆಕ್ಕ ಬೇರೆ. ಉದಾಹರಣೆಗೆ, ಚಿತ್ತಾರ ಪ್ರತಿ 32 ಸೆಂ.ಮೀ.ಗೆ ಮರುಕಳಿಸುತ್ತಿದ್ದರೆ ಪ್ರತಿ ತುಂಡನ್ನೂ 266ರ ಬದಲು 288ಕ್ಕೆ ಏರಿಸಬೇಕು, ಅಂದರೆ ಒಂಬತ್ತು ಪೂರ್ಣ ಚಿತ್ತಾರ. ಇಲ್ಲದಿದ್ದರೆ ಜೋಡಿಸಿದ ಕಡೆ ಹೂವಿನ ತಲೆ ಒಂದೆಡೆ, ತೊಟ್ಟು ಇನ್ನೊಂದೆಡೆ ಬೀಳುತ್ತದೆ. ಮೊದಲ ಪರದೆಗೆ ಚಿತ್ತಾರವಿಲ್ಲದ ಬಟ್ಟೆಯೇ ಸಾಕು ಎಂಬುದು ನನ್ನ ಅಭಿಪ್ರಾಯ.

ಕತ್ತರಿಸುವಾಗ ಅಂಗಡಿಯಲ್ಲಿ ಕತ್ತರಿಸಿಕೊಟ್ಟ ಅಂಚನ್ನು ನಂಬಬೇಡಿ, ಅದು ಹೆಚ್ಚಾಗಿ ಓರೆಯಾಗಿರುತ್ತದೆ. ಬದಿಯ ಅಂಚಿನಲ್ಲಿ ಸಣ್ಣದೊಂದು ಕಚ್ಚು ಹಾಕಿ, ಹೊಕ್ಕಿನ, ಅಂದರೆ ಅಡ್ಡಕ್ಕೆ ನೇಯ್ದ, ಒಂದೇ ಒಂದು ನೂಲನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಬಟ್ಟೆ ಸುಕ್ಕುಗಟ್ಟುತ್ತಾ ಆ ನೂಲು ಈಚೆ ಬಂದಂತೆ, ಅದು ಇದ್ದ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಈ ತುದಿಯಿಂದ ಆ ತುದಿಯವರೆಗೆ ಮೂಡುತ್ತದೆ. ನೂಲು ನಡುವೆ ತುಂಡಾದರೆ ಗಾಬರಿ ಬೇಡ, ಅಲ್ಲಿಯವರೆಗೆ ಕತ್ತರಿಸಿ, ಮತ್ತೆ ಅದೇ ನೂಲಿನ ತುದಿ ಹುಡುಕಿ ಎಳೆಯಿರಿ. ಆ ಗೆರೆಯ ಮೇಲೆಯೇ ಕತ್ತರಿ ನಡೆದರೆ ಪರದೆ ಎಂದಿಗೂ ಒಂದು ಕಡೆಗೆ ತಿರುಚಿಕೊಳ್ಳುವುದಿಲ್ಲ. ಸ್ಕೇಲು, ಸೀಮೆಸುಣ್ಣ ಇದ್ದರೂ ಇದಕ್ಕೆ ಸಾಟಿಯಿಲ್ಲ.

ಹೊಲಿಗೆಗೆ 80ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಎರಡೂವರೆಯಿಂದ ಮೂರು ಮಿ.ಮೀ. ಉದ್ದದ ಹೊಲಿಗೆ ಇರಲಿ. ನಿಮ್ಮ ಮೆಷಿನ್ ನೇರ ಹೊಲಿಗೆ ಮಾತ್ರ ಹಾಕುವುದರಿಂದ, ಅರ್ಧ ಪನ್ನವನ್ನು ಪೂರ್ಣ ಪನ್ನಕ್ಕೆ ಜೋಡಿಸುವಾಗ ನೇಯ್ಗೆಯ ಅಂಚಿಗೆ (ಕತ್ತರಿಸದ, ಮಗ್ಗದಲ್ಲೇ ಮುಗಿದ ಬದಿಯ ಅಂಚಿಗೆ) ನೇಯ್ಗೆಯ ಅಂಚನ್ನೇ ಕೂಡಿಸಿ ಒಂದೂವರೆ ಸೆಂ.ಮೀ. ಒಳಗೆ ಹೊಲಿಯಿರಿ, ಆಗ ನೂಲು ಬಿಚ್ಚಿಕೊಳ್ಳುವ ಭಯವಿಲ್ಲ. ಕತ್ತರಿಸಿದ ಅಂಚು ಹೊರಬದಿಯ ಮಡಿಕೆಯೊಳಗೆ ಸೇರಿಹೋಗುತ್ತದೆ. ಬದಿಗಳನ್ನು ಎರಡೂವರೆ ಸೆಂ.ಮೀ.ಗೆ ಎರಡು ಸಲ ಮಡಿಚಿ ಹೊಲಿದರೆ ಒಂದು ಪರದೆಯ ಅಗಲ 197 ಸೆಂ.ಮೀ. ಉಳಿಯುತ್ತದೆ.

ಈ 197ಕ್ಕೆ ಹನ್ನೆರಡು ಬಳೆಗಳು ಚೆನ್ನಾಗಿ ಕೂರುತ್ತವೆ: ಎರಡೂ ತುದಿಯಿಂದ ಐದು ಸೆಂ.ಮೀ. ಬಿಟ್ಟು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 17 ಸೆಂ.ಮೀ. ಬಳೆಗಳ ಸಂಖ್ಯೆ ಯಾವಾಗಲೂ ಸಮವಾಗಿರಬೇಕು, ಆಗ ಎರಡೂ ತುದಿಗಳು ಗೋಡೆಯ ಕಡೆಗೆ ತಿರುಗುತ್ತವೆ. ಬೆಸವಾದರೆ ಒಂದು ತುದಿ ಕೋಣೆಯ ಕಡೆಗೆ ಮೂಗು ಚಾಚಿ ನಿಲ್ಲುತ್ತದೆ. ಈ ಅಳತೆಯಲ್ಲಿ ಇನ್ನೊಂದು ಅನುಕೂಲವಿದೆ. ಜೋಡಣೆಯ ಹೊಲಿಗೆ ಹೊರ ಅಂಚಿನಿಂದ 63.5 ಸೆಂ.ಮೀ. ದೂರದಲ್ಲಿ, ಸರಿಯಾಗಿ ನಾಲ್ಕನೆಯ ಮತ್ತು ಐದನೆಯ ಬಳೆಯ ನಡುವೆ ಬೀಳುತ್ತದೆ. ಅಲ್ಲಿಯ ನೆರಿಗೆ ಗೋಡೆಯ ಕಡೆಗೆ ಹೋಗುವುದರಿಂದ ಆ ಹೊಲಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಬಿಯ ದಪ್ಪ ಎರಡೂವರೆ ಸೆಂ.ಮೀ. ಇದ್ದರೆ ಬಳೆಯ ಒಳ ಅಗಲ ನಾಲ್ಕು ಇರಲಿ, ಸರಾಗವಾಗಿ ಸರಿಯುತ್ತದೆ. ಮೇಲಿನ ಮಡಿಕೆಯೊಳಗೆ ಹತ್ತು ಸೆಂ.ಮೀ. ಅಗಲದ ಬಕ್ರಮ್ (ಬಟ್ಟೆಯನ್ನು ಬಿಗಿಯಾಗಿ ನಿಲ್ಲಿಸುವ ಗಟ್ಟಿ ಪಟ್ಟಿ) ಸೇರಿಸಿ, ಮೊದಲ ತೂತನ್ನು ಚಿಂದಿಬಟ್ಟೆಯ ಮೇಲೆ ಕತ್ತರಿಸಿ ಅಭ್ಯಾಸ ಮಾಡಿಕೊಳ್ಳಿ. ತೂತು ದೊಡ್ಡದಾದರೆ ಅದನ್ನು ಚಿಕ್ಕದು ಮಾಡುವ ವಿದ್ಯೆ ಯಾರಿಗೂ ಗೊತ್ತಿಲ್ಲ.

ಗುಂಡುಸೂಜಿ:

ಇಷ್ಟೆಲ್ಲ ಲೆಕ್ಕ ನೋಡಿ ಹೆದರಿದವರಿಗಾಗಿ ಒಂದು ಮಾತು. ದೊಡ್ಡ ಮಂಚದ ಎರಡು ಹತ್ತಿ ಹೊದಿಕೆಗಳನ್ನು ತಂದರೆ ಅವುಗಳ ನಾಲ್ಕೂ ಅಂಚುಗಳು ಹೊಲಿದೇ ಇರುತ್ತವೆ, ಅಗಲವೂ ಸಾಕಷ್ಟಿರುತ್ತದೆ. ಕ್ಲಿಪ್ ಇರುವ ಉಂಗುರಗಳನ್ನು ಕಂಬಿಗೆ ಹಾಕಿ, ಹೊದಿಕೆಯ ಮೇಲ್ಭಾಗವನ್ನು ಹೆಚ್ಚಿದ್ದಷ್ಟು ಹಿಂದಕ್ಕೆ ಮಡಿಚಿ ಕಚ್ಚಿಸಿದರೆ ಒಂದು ಸಂಜೆಯಲ್ಲಿ ಪರದೆ ಸಿದ್ಧ. ಬಟ್ಟೆ ಕತ್ತರಿಸುವುದೇ ಇಲ್ಲವಾದ್ದರಿಂದ ತಪ್ಪಾಗುವ ಮಾತೂ ಇಲ್ಲ. ಮೆಷಿನ್ ಇಲ್ಲದವರು ಇಸ್ತ್ರಿಯ ಬಿಸಿಗೆ ಅಂಟುವ ಪಟ್ಟಿಯಿಂದಲೂ ಅಂಚು ಮಡಿಚಬಹುದು. ತೆಳು ಬಟ್ಟೆಗೆ ಅದು ಸರಿ, ಭಾರದ ಬಟ್ಟೆಯಾದರೆ ನಾಲ್ಕಾರು ಒಗೆತದಲ್ಲಿ ಅಲ್ಲಲ್ಲಿ ಬಾಯಿ ಬಿಡುತ್ತದೆ.

ನೆರಿಗೆಪೆಟ್ಟಿಗೆ:

ಕೆನೆಬಣ್ಣದ ಒಂಟಿ ಬಟ್ಟೆಯ ಸಲಹೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪಶ್ಚಿಮದ ಬಿಸಿಲು ದಿನವೂ ಬೀಳುವ ಕಡೆ ಹತ್ತಿ ಬಟ್ಟೆಯ ಬಣ್ಣ ಪಟ್ಟೆಪಟ್ಟೆಯಾಗಿ ಮಾಸುತ್ತದೆ. ಬಿಸಿಲಿಗೆ ತೆರೆದುಕೊಂಡ ನೆರಿಗೆಯ ಏಣು ಬಿಳಿಚಿಕೊಂಡು, ಒಳಗೆ ಮಡಿಚಿಕೊಂಡ ಭಾಗ ಮೊದಲಿನಂತೆಯೇ ಉಳಿದು, ಪರದೆ ಬಿಡಿಸಿದಾಗ ಎರಡು ಬಟ್ಟೆ ಸೇರಿಸಿ ಹೊಲಿದಂತೆ ಕಾಣುತ್ತದೆ. ರೇಷ್ಮೆಯಂತೂ ಬಣ್ಣದ ಜೊತೆಗೆ ಬಲವನ್ನೂ ಕಳೆದುಕೊಂಡು ಹರಿಯುತ್ತದೆ. ಹಿಂಬದಿಗೆ ಬಿಳಿಯ ಹತ್ತಿ ಲೈನಿಂಗ್ (ಒಳಪದರ) ಹಾಕಿದರೆ ಬಣ್ಣದ ಬಟ್ಟೆಗೆ ರಕ್ಷಣೆ ಸಿಗುತ್ತದೆ, ಪರದೆ ಚೆನ್ನಾಗಿ ಇಳಿಬೀಳುತ್ತದೆ, ನೀವು ಬಯಸಿದ ಹಳದಿಯನ್ನೂ ಧೈರ್ಯವಾಗಿ ಬಳಸಬಹುದು, ಏಕೆಂದರೆ ಬಟ್ಟೆಯ ಮೂಲಕ ಹಾಯುವ ಬೆಳಕೇ ಕಡಿಮೆಯಾಗುತ್ತದೆ. ಲೈನಿಂಗ್ ಬಟ್ಟೆಯನ್ನೂ ಮೊದಲೇ ಒಗೆಯಬೇಕು, ಕೆಳಗಡೆ ಅದು ಪರದೆಗಿಂತ ಎರಡು ಮೂರು ಸೆಂ.ಮೀ. ಗಿಡ್ಡವಿರಬೇಕು. ಕೆಳಗಿನ ಮಡಿಕೆಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಯಬಾರದು, ಬೇರೆ ಬೇರೆಯಾಗಿ ತೂಗಲಿ.

ಬಿಸಿಲುಕೋಲು:

ಬಣ್ಣ ಮಾಸುವ ಮಾತು ನಿಜ, ಅದನ್ನು ನಾನು ಹೇಳಬೇಕಿತ್ತು. ಆದರೂ ಪ್ರಶ್ನೆ ಕೇಳಿದವರ ತೊಂದರೆಯೇ ಮಂಕು. ಮೂರು ಗಂಟೆಯ ಮೇಲೆ ಬಿಸಿಲಿಗೆ ಹೆದರಿ ಲೈನಿಂಗ್ ಇರುವ ಪರದೆ ಎಳೆದರೆ ಕೋಣೆ ಮತ್ತೆ ಕತ್ತಲಾಗುತ್ತದೆ, ತೆರೆದರೆ ಕಣ್ಣು ಕುಕ್ಕುತ್ತದೆ. ಬಿಳಿಯ ತೆಳು ಬಟ್ಟೆ ಆ ನೇರ ಬಿಸಿಲನ್ನು ಚದುರಿಸಿ, ಒಂದೇ ಕಡೆ ಬೀಳುತ್ತಿದ್ದ ಬೆಳಕನ್ನು ಕೋಣೆಯೆಲ್ಲ ಹರಡುತ್ತದೆ. ಎರಡೂ ಬೇಕೆನ್ನುವವರಿಗೆ ಜೋಡಿ ಕಂಬಿಯೇ ದಾರಿ: ಕಿಟಕಿಯ ಕಡೆ ತೆಳುವಾದದ್ದು, ಕೋಣೆಯ ಕಡೆ ದಪ್ಪನೆಯದು. ಮೊದಲು ತೆಳುವಾದದ್ದನ್ನು ಹೊಲಿಯಿರಿ, ಅದೊಂದೇ ಸಾಕೆನಿಸಿದರೆ ಇನ್ನೊಂದರ ಖರ್ಚು ಉಳಿಯುತ್ತದೆ.

ಕಿಟಕಿಮನೆ:

ಎಲ್ಲರಿಗೂ ಧನ್ಯವಾದ. ಹಳದಿಯ ಮಾದರಿಯನ್ನು ಎರಡು ದಿನ ಕಿಟಕಿಗೆ ಸಿಕ್ಕಿಸಿಟ್ಟು ನೋಡಿದೆ. ಕಾಮಾಲೆಯ ಮಾತು ಅಕ್ಷರಶಃ ನಿಜವಾಯಿತು. ಕೊನೆಗೆ ಮಾಸಲು ಬಿಳಿಯ ತೆಳು ಹತ್ತಿ ಬಟ್ಟೆಯನ್ನು ಎಂಟೂವರೆ ಮೀಟರ್ ತಂದೆ, ಒಗೆದು ಇಸ್ತ್ರಿ ಮಾಡಿದ ಮೇಲೆ ಅಳೆದರೆ ಎಂಟು ಮೀಟರ್ ಹದಿನಾರು ಸೆಂ.ಮೀ. ಮಾತ್ರ ಇತ್ತು. ಎಂಟೇ ಮೀಟರ್ ತಂದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಯೋಚಿಸಿದೆ. ಹಳೆಯ ಪರದೆಯನ್ನು ತೆಗೆದು ಹೊಸ ಕಂಬಿಯನ್ನು 225ಕ್ಕೆ ಹಾಕಿಸಿದ್ದೂ ಆಯಿತು. ಪರದೆಯೇ ಇಲ್ಲದೆ ಎರಡು ದಿನ ಕಳೆದಾಗ, ಬೆಳಗಿನ ಹೊತ್ತು ಕೋಣೆಯ ಆ ಮೂಲೆಯಲ್ಲಿ ದೀಪ ಹಾಕದೆ ಓದಲು ಸಾಧ್ಯವಾಯಿತು.

ಈಗ ಎರಡು ತೊಂದರೆಗಳಿವೆ. ಮೊದಲನೆಯದು, ಅರ್ಧ ಪನ್ನ ಮತ್ತು ಪೂರ್ಣ ಪನ್ನ ಸೇರಿಸಿದ ಹೊಲಿಗೆಯ ಉದ್ದಕ್ಕೂ ಬಟ್ಟೆ ಸುಕ್ಕುಗಟ್ಟಿದೆ, ಯಾರೋ ಒಳಗಿನಿಂದ ದಾರ ಹಿಡಿದು ಎಳೆದಂತೆ. ಇಸ್ತ್ರಿ ಮಾಡಿದರೂ ಹೋಗುತ್ತಿಲ್ಲ. ಎರಡನೆಯದು, ಕೆಳಗಿನ ಮಡಿಕೆಯನ್ನು ಹೊಲಿಯುವ ಮೊದಲು ಬರೀ ಗುಂಡುಸೂಜಿ ಚುಚ್ಚಿ ತೂಗುಹಾಕಿ ನೋಡಿದರೆ, ಎಡ ತುದಿಯಲ್ಲಿ ಮತ್ತು ಬಲ ತುದಿಯಲ್ಲಿ ನೆಲದಿಂದ ಇರುವ ಅಂತರಕ್ಕೆ ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದೆ. ನೂಲೆಳೆದೇ ಕತ್ತರಿಸಿದ್ದೆ. ಎಲ್ಲಿ ತಪ್ಪಿದೆ?

ಹಳೇಮೆಷಿನ್:

ಮೊದಲನೆಯದರಲ್ಲಿ ತಪ್ಪು ನನ್ನದು, ಹೇಳಬೇಕಾದ ಒಂದು ಮಾತನ್ನು ಬಿಟ್ಟುಬಿಟ್ಟಿದ್ದೆ. ನೇಯ್ಗೆಯ ಅಂಚು ಉಳಿದ ಬಟ್ಟೆಗಿಂತ ಬಿಗಿಯಾಗಿರುತ್ತದೆ, ಒಗೆದಾಗ ಅದು ಹೆಚ್ಚು ಕುಗ್ಗಿ ಪಕ್ಕದ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಆ ಹೊಲಿಗೆಯನ್ನು ಬಿಚ್ಚಿ, ಎರಡೂ ಅಂಚುಗಳಿಗೆ ಪ್ರತಿ ಎಂಟು ಸೆಂ.ಮೀ.ಗೆ ಒಂದರಂತೆ ಓರೆಯಾದ ಸಣ್ಣ ಕಚ್ಚು ಹಾಕಿ. ಕಚ್ಚು ಒಂದು ಸೆಂ.ಮೀ. ಮೀರಬಾರದು, ಇಲ್ಲದಿದ್ದರೆ ಹೊಲಿಗೆಯ ಗೆರೆಯನ್ನು ದಾಟುತ್ತದೆ. ಕಚ್ಚು ಹಾಕುತ್ತಿದ್ದಂತೆಯೇ ಅಂಚು ಸಡಿಲಗೊಂಡು ಬಟ್ಟೆ ಮಲಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ನೀರು ಚಿಮುಕಿಸಿ ಇಸ್ತ್ರಿ ಮಾಡಿ, ಸೂಜಿಯನ್ನು 70ಕ್ಕೆ ಬದಲಿಸಿ, ಮೇಲಿನ ದಾರದ ಬಿಗಿಯನ್ನು ಸ್ವಲ್ಪ ಇಳಿಸಿ, ಮತ್ತೆ ಹೊಲಿಯಿರಿ. ನಾನು 80 ಎಂದದ್ದು ಸಾಧಾರಣ ದಪ್ಪದ ಬಟ್ಟೆಗೆ. ಹೊಲಿಯುವಾಗ ಹಿಂದಿನಿಂದ ಬಟ್ಟೆಯನ್ನು ಜಗ್ಗಬೇಡಿ, ಎರಡೂ ಕೈಗಳಿಂದ ದಾರಿ ತೋರಿಸಿದರೆ ಸಾಕು, ಮುಂದಕ್ಕೆ ಒಯ್ಯುವ ಕೆಲಸವನ್ನು ಮೆಷಿನ್ನಿನ ಹಲ್ಲುಗಳೇ ಮಾಡುತ್ತವೆ.

ಎರಡನೆಯದು ನಿಮ್ಮ ತಪ್ಪಾಗಿರಲಾರದು. ಕಂಬಿಯ ಎರಡು ತುದಿಗಳಿಂದ ಮತ್ತು ನಡುವಿನಿಂದ ನೆಲದವರೆಗೆ ಟೇಪು ಹಿಡಿದು ಅಳೆಯಿರಿ.

ಕಿಟಕಿಮನೆ:

ಅಳೆದೆ. ಎಡಗಡೆ 225, ನಡುವೆ 225.5, ಬಲಗಡೆ 226.2. ಕಂಬಿಯ ಮೇಲೆ ನೀರುಮಟ್ಟ ಇಟ್ಟು ನೋಡಿದರೆ ಗುಳ್ಳೆ ಸರಿಯಾಗಿ ನಡುವೆ ನಿಲ್ಲುತ್ತದೆ. ಅಂದರೆ ನೆಲವೇ ಬಲಕ್ಕೆ ಇಳಿಜಾರಾಗಿದೆ, ಇಷ್ಟು ದಿನ ನನಗೆ ಅದು ಗೊತ್ತೇ ಇರಲಿಲ್ಲ. ಅಂಚಿಗೆ ಕಚ್ಚು ಹಾಕಿ ಮರುಹೊಲಿದ ಜೋಡಣೆ ಈಗ ಚಪ್ಪಟೆಯಾಗಿ ಮಲಗಿದೆ.

ಹಳೇಮೆಷಿನ್:

ಹಾಗಾದರೆ ಕಂಬಿಯನ್ನು ಮುಟ್ಟಬೇಡಿ, ಪರದೆಯ ಕೆಳಗಿನ ಮಡಿಕೆಯನ್ನು ನೆಲಕ್ಕೆ ಹೊಂದಿಸಿ. ಈಗ ಹೇಗೆ ತೂಗುತ್ತಿದೆಯೋ ಹಾಗೆಯೇ ಎರಡು ದಿನ ಬಿಡಿ, ಬಟ್ಟೆ ತನ್ನ ಭಾರಕ್ಕೆ ಸ್ವಲ್ಪ ಇಳಿಯುತ್ತದೆ. ಮೂರನೆಯ ದಿನ ಒಂದೂವರೆ ಸೆಂ.ಮೀ. ದಪ್ಪದ ಹಲಗೆಯ ತುಂಡನ್ನೋ ಪುಸ್ತಕವನ್ನೋ ನೆಲದ ಮೇಲಿಟ್ಟು ಎಡದಿಂದ ಬಲಕ್ಕೆ ಸರಿಸುತ್ತಾ, ಅದರ ಮೇಲ್ಮೈ ಬಟ್ಟೆಗೆ ತಾಗುವಲ್ಲೆಲ್ಲ ಗುಂಡುಸೂಜಿ ಚುಚ್ಚುತ್ತಾ ಹೋಗಿ. ಆ ಸೂಜಿಗಳ ಸಾಲೇ ಮಡಿಕೆಯ ಗೆರೆ. ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ಹಾಕಬೇಡಿ, ಮಡಿಕೆಯೊಳಗೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದರೂ ಪರವಾಗಿಲ್ಲ. ಮುಂದೆ ಮನೆ ಬದಲಿಸಿದರೆ ಬಿಚ್ಚಿ ಸರಿಮಾಡಿಕೊಳ್ಳಬಹುದು. ಹೊಲಿಯುವ ಮೊದಲು ಎರಡೂ ಮೂಲೆಗಳ ಮಡಿಕೆಯೊಳಗೆ ಒಂದೊಂದು ನಾಣ್ಯವನ್ನು ಚಿಂದಿಬಟ್ಟೆಯಲ್ಲಿ ಸುತ್ತಿ ಸೇರಿಸಿ, ಇಲ್ಲದಿದ್ದರೆ ಅಷ್ಟು ತೆಳುವಾದ ಬಟ್ಟೆ ಕಿಟಕಿ ತೆರೆದಾಗಲೆಲ್ಲ ಗಾಳಿಗೆ ಹಾರಿ ಮುಖಕ್ಕೆ ಬರುತ್ತದೆ.